ಸಾವಿರದ ಇನ್ನೂರ ಅರವತ್ತು ಮತ್ತು ಆರು: ಗಿರಿಯ ಜರೀಗಿಡ, ಕಾನಿನ ಕಾಡುಕುರಿ

ಪಶ್ಚಿಮ ಘಟ್ಟದ ಹುಲ್ಲುಗಾವಲುಗಳಲ್ಲಿ ಮುಂಗಾರಿನ ಜೊತೆಗೆ ಮೇಲೆದ್ದು, ಮಳೆಗಾಲ ಕಳೆಯುವ ಹೊತ್ತಿಗೆ ಮತ್ತೆ ನೆಲದೊಳಗೆ ಅಡಗುವ ಒಂದು ಗೇಣುದ್ದದ ಜರೀಗಿಡ (ಫರ್ನ್) ಇದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್. ಅದೇ ಬೆಟ್ಟಗಳ ಕಣಿವೆಯ ಕಾಡಿನಲ್ಲಿ, ಮಲೆನಾಡಿನವರು ಕಾನುಕುರಿ ಎಂದೂ ಉಳಿದವರು ಕಾಡುಕುರಿ ಎಂದೂ ಕರೆಯುವ ಚಿಕ್ಕ ಜಿಂಕೆ ಒಂಟಿಯಾಗಿ ಓಡಾಡಿಕೊಂಡಿರುತ್ತದೆ. ಜರೀಗಿಡದ ಒಂದು ಜೀವಕೋಶದಲ್ಲಿ 1260 ವರ್ಣತಂತುಗಳು, ಅಂದರೆ ಡಿಎನ್‌ಎಯನ್ನು ಹೊತ್ತ ಕ್ರೋಮೋಸೋಮ್ ಎಂಬ ಎಳೆಗಳು, ಇವೆ. ಹೆಣ್ಣು ಕಾಡುಕುರಿಯ ಒಂದು ಜೀವಕೋಶದಲ್ಲಿ ಆರೇ ಆರು. ಗಿಡಮರಗಳಲ್ಲಿ ಮೊದಲನೆಯದನ್ನು ಮೀರಿಸಿದ ಜಾತಿ ಇನ್ನೊಂದಿಲ್ಲ. ಸ್ತನಿಗಳಲ್ಲಿ ಎರಡನೆಯದಕ್ಕಿಂತ ಕಡಿಮೆಯಿರುವ ಪ್ರಾಣಿ ಇನ್ನೊಂದಿಲ್ಲ. ಈ ಎರಡು ತುದಿಗಳೂ ನಮ್ಮ ಬೆಟ್ಟಗಳಲ್ಲೇ ಇರುವಾಗ ಅವನ್ನು ಪುಸ್ತಕದಲ್ಲಿ ಮಾತ್ರ ಓದಿ ಸುಮ್ಮನಿರಲು ಮನಸ್ಸಾಗದೆ, ಜುಲೈ ತಿಂಗಳ ಮಳೆಯಲ್ಲೇ ಚಿಕ್ಕಮಗಳೂರಿಗೆ ಹೊರಟೆ. ಜೊತೆಗೆ ಬಂದವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ನಮ್ಮ ಮೇಷ್ಟ್ರು.

ಗುರುವಾರ, ಗಿರಿಶ್ರೇಣಿ

ಚಿಕ್ಕಮಗಳೂರಿನಿಂದ ಬೆಳಗ್ಗೆ ಬೇಗನೆ ಹೊರಟು ಕೈಮರದ ತನಿಖಾ ಠಾಣೆ ದಾಟಿದೆವು. ರಸ್ತೆಯ ಎರಡೂ ಬದಿಗೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳು; ಅವು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವ ಎತ್ತರಕ್ಕೆ ಬಂದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹತ್ತು ಮಾರು ಮುಂದಿದ್ದ ಜೀಪು ಕಾಣುತ್ತಿರಲಿಲ್ಲ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರವಾದ್ದರಿಂದ ರಜಾದಿನಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಜನದಟ್ಟಣೆ ತಪ್ಪಿಸಲೆಂದೇ ನಾವು ವಾರದ ನಡುವಿನ ದಿನವನ್ನು ಆರಿಸಿಕೊಂಡಿದ್ದೆವು. ಸೀತಾಳಯ್ಯನ ಗಿರಿಯ ದೇವಸ್ಥಾನದಲ್ಲಿ ಕೈಮುಗಿದು, ಅಲ್ಲಿಂದ ಮುಂದೆ ದಾರಿಯ ಪಕ್ಕದ ಇಳಿಜಾರಿನಲ್ಲಿ ನಿಧಾನವಾಗಿ ನಡೆಯತೊಡಗಿದೆವು.

ಜರೀಗಿಡವೆಂದೊಡನೆ ನಮ್ಮ ಕಣ್ಣು ಹುಡುಕುವುದು ಸುರುಳಿ ಬಿಚ್ಚುವ ಕುಡಿಯನ್ನು, ಸೀಳುಸೀಳಾದ ಉದ್ದನೆಯ ಗರಿಯನ್ನು. ಈ ಗಿಡದಲ್ಲಿ ಅದಾವುದೂ ಇಲ್ಲ. ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು: "ಎಲೆಯನ್ನು ಹುಡುಕಬೇಡಿ, ಹುಲ್ಲಿನ ಮಧ್ಯೆ ನೆಟ್ಟಗೆ ನಿಂತ ಹಸಿರು ಕಡ್ಡಿಯನ್ನು ಹುಡುಕಿ." ಇಂಬಳ ಕೀಳುತ್ತಾ, ಬಗ್ಗಿಕೊಂಡು ಹುಡುಕುತ್ತಾ ಬಹಳ ಹೊತ್ತು ಕಳೆದ ಮೇಲೆ, ಮಣ್ಣು ತೆಳ್ಳಗಿದ್ದು ಹುಲ್ಲು ಗಿಡ್ಡವಾಗಿದ್ದ ಒಂದು ಬಂಡೆಯ ಬದಿಯಲ್ಲಿ ಅವರು ಕೊಡೆಯನ್ನು ಮಡಚಿ ನೆಲದ ಮೇಲಿಟ್ಟು ಮೊಣಕಾಲೂರಿದರು. ಗಿಡ ಅಲ್ಲಿತ್ತು.

ನೆಲದಿಂದ ಒಂದೇ ತೊಟ್ಟು ಮೇಲೆದ್ದು, ಅದರ ಅರ್ಧದಲ್ಲಿ ಒಂದೇ ಎಲೆ ಅಗಲವಾಗಿ ಹರಡಿಕೊಂಡಿತ್ತು. ಎಲೆಗೆ ಹಲ್ಲಿಲ್ಲ, ಸೀಳಿಲ್ಲ, ನಡುನರವೂ ಎದ್ದು ಕಾಣುವುದಿಲ್ಲ. ಬುಡ ಹೃದಯದ ಆಕಾರದಲ್ಲಿ ಒಳಕ್ಕೆ ಬಾಗಿದೆ. ಬೆಳಕಿಗೆ ಹಿಡಿದು ನೋಡಿದರೆ ನರಗಳು ಬಲೆಬಲೆಯಾಗಿ ಹೆಣೆದುಕೊಂಡಿರುವುದು ಕಾಣುತ್ತದೆ. ಎಲೆ ತೊಟ್ಟಿಗೆ ಸೇರುವ ಜಾಗದಿಂದಲೇ ಇನ್ನೊಂದು ಕಡ್ಡಿ ಎಲೆಗಿಂತ ಎತ್ತರಕ್ಕೆ ನೆಟ್ಟಗೆ ಹೋಗಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಆ ಕಡ್ಡಿಯ ತುದಿಭಾಗದಲ್ಲಿ, ಎರಡು ಅಂಚುಗಳಲ್ಲೂ, ಹಳದಿ ಬಣ್ಣದ ಸಣ್ಣ ಸಣ್ಣ ಉಬ್ಬುಗಳು ಒಂದರ ಮೇಲೊಂದು ಒತ್ತೊತ್ತಾಗಿ ಜೋಡಿಸಿಕೊಂಡಿದ್ದವು. ಅವೇ ಬೀಜಕದ ಚೀಲಗಳು. ಕೆಳಗಿನ ಕೆಲವು ಅಡ್ಡಕ್ಕೆ ಬಾಯಿಬಿಟ್ಟಿದ್ದವು. ಮೇಲಿನವು ಇನ್ನೂ ಮುಚ್ಚಿದ್ದವು. ಹೂವಿಲ್ಲದ, ಬೀಜವಿಲ್ಲದ ಈ ಗಿಡದ ಸಂತಾನವೆಲ್ಲ ಆ ಚೀಲಗಳ ಧೂಳಿನಲ್ಲಿದೆ. ಬೀಜಕ ಮಣ್ಣಿನೊಳಕ್ಕೆ ಇಳಿದು ಮೊಳೆತರೆ, ಬೆಳಕನ್ನೇ ಕಾಣದ ಒಂದು ಪುಟ್ಟ ಗೆಡ್ಡೆಯಂಥ ದೇಹ ಹುಟ್ಟುತ್ತದೆ. ಅದಕ್ಕೆ ಹಸಿರಿಲ್ಲ, ಶಿಲೀಂಧ್ರವೊಂದು ಅದರೊಳಗೆ ಸೇರಿಕೊಂಡು ಆಹಾರ ಒದಗಿಸುತ್ತದೆ. ಗಂಡು ಮತ್ತು ಹೆಣ್ಣು ಲಿಂಗಾಣುಗಳು ಅಲ್ಲೇ, ನೆಲದಡಿಯ ಕತ್ತಲಲ್ಲಿ, ಮಣ್ಣಿನ ನೀರಿನ ಪದರದಲ್ಲಿ ಸೇರುತ್ತವೆ. ನಾವು ಮೇಲೆ ನೋಡುವ ಎಲೆ ಆಮೇಲಿನ ಮಾತು.

ಗಿಡವನ್ನು ಕೀಳಲಿಲ್ಲ, ಕುಳಿತಲ್ಲೇ ಅದರ ಎಣಿಕೆಯ ಕಥೆಯನ್ನು ಮೇಷ್ಟ್ರು ಹೇಳಿದರು. 1950ರ ಹೊತ್ತಿಗೆ ಇಂಗ್ಲೆಂಡಿನ ಐರೀನ್ ಮ್ಯಾಂಟನ್ ಅವರು ಜರೀಗಿಡಗಳ ಎಳೆಯ ಬೀಜಕ ಚೀಲಗಳನ್ನು ಬಣ್ಣದಲ್ಲಿ ಅದ್ದಿ, ಗಾಜಿನ ಕೆಳಗೆ ಅಮುಕಿ ಚಪ್ಪಟೆಯಾಗಿಸಿ, ವರ್ಣತಂತುಗಳನ್ನು ಒಂದರಿಂದೊಂದು ಬಿಡಿಸಿ ಎಣಿಸುವ ಕೆಲಸವನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದರು. ಅದೇ ಹಾದಿಯಲ್ಲಿ ತಿರುವನಂತಪುರದ ವಿಶ್ವವಿದ್ಯಾಲಯದಲ್ಲಿ ಎ. ಅಬ್ರಹಾಂ ಮತ್ತು ಸಿ. ಎ. ನಿನಾನ್ ಅವರು ಈ ಗಿಡವನ್ನು ಕೈಗೆತ್ತಿಕೊಂಡರು. ಬೀಜಕಗಳನ್ನು ಕೊಡುವ ತಾಯಿಕೋಶಗಳು, ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ಎಂಬ ವಿಭಜನೆಗೆ ಅಣಿಯಾದಾಗ ವರ್ಣತಂತುಗಳು ಜೋಡಿಜೋಡಿಯಾಗಿ ನಿಲ್ಲುತ್ತವೆ. ಅಂಥ ಜೋಡಿಗಳನ್ನು ಅವರು ಎಣಿಸಿದಾಗ ಸಿಕ್ಕಿದ್ದು 630. ಅಂದರೆ ಗಿಡದ ದೇಹದ ಕೋಶದಲ್ಲಿ 1260. ಈ ಫಲಿತಾಂಶ 1954ರಲ್ಲಿ ಅಚ್ಚಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಆ ವರ್ಷ ಮನುಷ್ಯನ ವರ್ಣತಂತುಗಳ ಸಂಖ್ಯೆ 48 ಎಂದೇ ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತಿದ್ದವು. ಅದು 46 ಎಂದು ತ್ಯೋ ಮತ್ತು ಲೆವಾನ್ ತಿದ್ದಿದ್ದು 1956ರಲ್ಲಿ. ಮನುಷ್ಯನ ಬೆರಳೆಣಿಕೆಯ ಲೆಕ್ಕವೇ ಇನ್ನೂ ಸರಿಹೋಗಿರದ ಕಾಲದಲ್ಲಿ, ತಿರುವನಂತಪುರದ ಇಬ್ಬರು ಒಂದು ಹುಲ್ಲುಗಾವಲಿನ ಗಿಡದಲ್ಲಿ 630 ಜೋಡಿಗಳನ್ನು ಎಣಿಸಿದ್ದರು ಎಂಬುದು ನನಗೆ ಇಂದಿಗೂ ಮೈ ಜುಮ್ಮೆನಿಸುವ ಸಂಗತಿ. ಆ ಹೆಸರುಗಳು ನಮ್ಮ ಮಕ್ಕಳ ಪಾಠದಲ್ಲಿ ಇರಬೇಕಿತ್ತು. ಇದೇ ಜಾತಿಯ ಕೆಲವು ಗಿಡಗಳಲ್ಲಿ 1440 ವರ್ಣತಂತುಗಳನ್ನು ಎಣಿಸಿದ ವರದಿಗಳೂ ಆನಂತರ ಬಂದಿವೆ.

ಹಿಂತಿರುಗುವಾಗ ಇಳಿಜಾರಿನ ಹುಲ್ಲಿನ ಮೇಲೆ ಹೊಸ ಟೈರಿನ ಗುರುತುಗಳು ಕಂಡವು. ರಸ್ತೆ ಬಿಟ್ಟು ಹುಲ್ಲುಗಾವಲಿಗೆ ವಾಹನ ಇಳಿಸಿ ಫೋಟೊ ತೆಗೆಸಿಕೊಳ್ಳುವವರ ಕಣ್ಣಿಗೆ ಇದು ಖಾಲಿ ಜಾಗವಾಗಿ ಕಾಣುತ್ತದೆ. ವರ್ಷಕ್ಕೊಂದೇ ಎಲೆ ಬಿಟ್ಟು ಬದುಕುವ ಗಿಡದ ಆ ಒಂದು ಎಲೆ ಚಕ್ರದಡಿ ಸಿಕ್ಕರೆ ಆ ವರ್ಷದ ಅನ್ನವೂ ಹೋಯಿತು, ಸಂತಾನವೂ ಹೋಯಿತು.

ಶುಕ್ರವಾರ, ಬಾಳೆಹೊನ್ನೂರಿನ ದಾರಿ

ಆಲ್ದೂರು ಮಾರ್ಗವಾಗಿ ಬಾಳೆಹೊನ್ನೂರಿಗೆ ಹೊರಟೆವು. ದಾರಿಯಲ್ಲಿ ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬರ ತೋಟದಲ್ಲಿ ತಿಂಡಿ. ಬಿಸಿ ಕಡುಬು, ಕಾಯಿ ಚಟ್ನಿ, ಕಳಲೆ ಪಲ್ಯ ಮುಗಿಸಿ ಜಗಲಿಯಲ್ಲಿ ಕುಳಿತಾಗ, "ಸಾವಿರಕ್ಕೂ ಮಿಕ್ಕಿ ಯಾಕೆ ಬೇಕು ಸಾರ್ ಆ ಗಿಡಕ್ಕೆ? ಅದೇನು ನಮಗಿಂತ ದೊಡ್ಡ ಕೆಲಸ ಮಾಡುತ್ತದೆಯೇ?" ಎಂದು ಆ ಬೆಳೆಗಾರರು ಕೇಳಿದರು. ಮೇಷ್ಟ್ರು ಉತ್ತರ ಕೊಡಲು ಅವರ ತೋಟಕ್ಕೇ ಕರೆದುಕೊಂಡು ಹೋದರು.

ಎತ್ತರದ ಭಾಗದಲ್ಲಿ ಅರೇಬಿಕಾ, ತಗ್ಗಿನಲ್ಲಿ ರೊಬಸ್ಟಾ. ರೊಬಸ್ಟಾ ಗಿಡದ ಕೋಶದಲ್ಲಿ 22 ವರ್ಣತಂತುಗಳು, ಅರೇಬಿಕಾದಲ್ಲಿ 44. ಆಫ್ರಿಕದ ಕಾಡಿನಲ್ಲಿ ಎಂದೋ ಒಮ್ಮೆ ರೊಬಸ್ಟಾ ಜಾತಿಯೂ ಯುಜೆನಿಯಾಯ್ಡಿಸ್ ಎಂಬ ಇನ್ನೊಂದು ಕಾಡುಕಾಫಿಯೂ ಕೂಡಿದಾಗ, ಎರಡೂ ಕಡೆಯ ಇಡೀ ವರ್ಣತಂತು ಸಮೂಹ ಒಂದೇ ಗಿಡದಲ್ಲಿ ಉಳಿದುಕೊಂಡು ಅರೇಬಿಕಾ ಹುಟ್ಟಿತು. ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದರೆಂಬ ಐತಿಹ್ಯದ ಕಾಫಿಯೂ ಇದೇ. ಹೀಗೆ ಸಮೂಹಕ್ಕೆ ಸಮೂಹವೇ ಸೇರಿಕೊಳ್ಳುವುದನ್ನು ಪಾಲಿಪ್ಲಾಯ್ಡಿ ಎನ್ನುತ್ತಾರೆ. ಗಿಡಗಳಲ್ಲಿ ಇದು ಸಾಮಾನ್ಯ. ಗೋಧಿ, ಕಬ್ಬು, ಹತ್ತಿಗಳಲ್ಲೂ ನಡೆದಿದೆ. ಕಬ್ಬಿನ ವರ್ಣತಂತುಗಳ ಬಗ್ಗೆ ಕೆಲಸ ಮಾಡಿದ, 1945ರಲ್ಲಿ ಸಿ. ಡಿ. ಡಾರ್ಲಿಂಗ್ಟನ್ ಜೊತೆ ಕೃಷಿಸಸ್ಯಗಳ ವರ್ಣತಂತುಗಳ ಆಕರಗ್ರಂಥವನ್ನೇ ಹೊರತಂದ ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್ ಅವರನ್ನು ಮೇಷ್ಟ್ರು ಈ ಮಾತಿನ ನಡುವೆ ಗೌರವದಿಂದ ನೆನೆದರು.

ಅರೇಬಿಕಾದಲ್ಲಿ ಒಮ್ಮೆ ಆದದ್ದು ಗಿರಿಯ ಜರೀಗಿಡದ ವಂಶದಲ್ಲಿ ಮತ್ತೆ ಮತ್ತೆ ಆಗಿದೆ. ಒಂದು ಸಮೂಹದಲ್ಲಿರುವ ಮೂಲ ಸಂಖ್ಯೆ 15 ಎಂದು ಹಿಡಿದರೆ 1260 ಎನ್ನುವುದು 84 ಪಟ್ಟು. ಬಹಳ ಹಳೆಯ ವಂಶವದು. ಸಿಕ್ಕಿದ್ದನ್ನೆಲ್ಲ ಕೂಡಿಸಿಕೊಳ್ಳುತ್ತಾ, ಯಾವುದನ್ನೂ ಪೂರ್ತಿಯಾಗಿ ಬಿಟ್ಟುಕೊಡದೆ ನಡೆದುಬಂದಿದೆ. ಆದ್ದರಿಂದ ಈ ಸಂಖ್ಯೆ ಗಿಡದ ಜಾಣ್ಮೆಯ ಅಳತೆಯಲ್ಲ, ಅದರ ವಂಶದ ಚರಿತ್ರೆ. ನನಗೆ ಸಂಖ್ಯೆಗಿಂತಲೂ ದೊಡ್ಡದಾಗಿ ಕಂಡದ್ದು ಅದರ ಶಿಸ್ತು: ಪ್ರತಿ ಮಳೆಗಾಲದಲ್ಲೂ, ಆ ಹಳದಿ ಉಬ್ಬುಗಳೊಳಗಿನ ಪ್ರತಿ ತಾಯಿಕೋಶದಲ್ಲೂ, 1260 ವರ್ಣತಂತುಗಳು ತಮ್ಮ ತಮ್ಮ ಜೋಡಿಯನ್ನು ಹುಡುಕಿಕೊಂಡು 630 ಜೋಡಿಗಳಾಗಿ ನಿಲ್ಲಬೇಕು, ಆಮೇಲೆ ಗೊಂದಲವಿಲ್ಲದೆ ಬೇರೆಯಾಗಬೇಕು. ಬೆಳೆಗಾರರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಅರೇಬಿಕಾಕ್ಕೆ ಇಪ್ಪತ್ತೆರಡು ಜೋಡಿ ಮಾತ್ರ ಅಲ್ಲವೇ" ಎಂದರು.

ಬಾಳೆಹೊನ್ನೂರಿನಲ್ಲಿ ಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವನ್ನು ಹೊರಗಿನಿಂದಲೇ ನೋಡಿ, ಸಂಜೆಯ ಮಳೆಯಲ್ಲಿ ಕಳಸ ಸೇರಿದೆವು.

ಶನಿವಾರ, ಕಳಸ ಮತ್ತು ಕುದುರೆಮುಖದ ದಾರಿ

ದಿನವಿಡೀ ಮಳೆ. ಕಳಸೇಶ್ವರನ ದರ್ಶನ ಮಾಡಿಕೊಂಡು, ಸಂಸೆಯ ಕಡೆಗೆ ಹೊರಟದ್ದು ಮಧ್ಯಾಹ್ನದ ಮೇಲೆ. ನಮ್ಮ ಜೀಪಿನ ಚಾಲಕರು ಇದೇ ಊರಿನವರು. ಕಾಡುಕುರಿಯನ್ನು ನೋಡಬೇಕೆಂದಾಗ, "ಕಾನುಕುರಿ ನೋಡೋಕೆ ಸಿಗೋದು ಕಷ್ಟ ಸಾರ್, ಕೇಳೋಕೆ ಸಿಗುತ್ತೆ" ಎಂದರು. ಹಾಗೆಯೇ ಆಯಿತು. ಮಳೆ ಸ್ವಲ್ಪ ಹೊಳವಾದ ಸಂಜೆಯ ಹೊತ್ತಿನಲ್ಲಿ, ಶೋಲಾ ಕಾಡಿನ ಅಂಚಿನಲ್ಲಿ ಜೀಪು ನಿಲ್ಲಿಸಿ ಇಂಜಿನ್ ಆರಿಸಿದಾಗ, ಕಣಿವೆಯೊಳಗಿನಿಂದ ಒಂದು ಒರಟು ಬೊಗಳು ಕೇಳಿತು. ಸ್ವಲ್ಪ ಬಿಡುವು, ಮತ್ತೆ ಒಂದು, ಮತ್ತೆ ಬಿಡುವು, ಮತ್ತೆ ಒಂದು. ನಾಯಿಯ ಬೊಗಳಿಗಿಂತ ಗಡುಸು, ಆದರೆ ಅದರಷ್ಟು ಅವಸರವಿಲ್ಲ. ಅಪಾಯದ ವಾಸನೆ ಸಿಕ್ಕಿದ ಕಾಡುಕುರಿ ಹೀಗೆ ಬಹಳ ಹೊತ್ತು, ಕೆಲವೊಮ್ಮೆ ಒಂದು ಗಂಟೆಗೂ ಮೀರಿ, ಕೂಗುತ್ತಲೇ ಇರುತ್ತದೆ. "ಕಿರುಬ ಎಲ್ಲೋ ಓಡಾಡ್ತಿದೆ," ಎಂದು ಚಾಲಕರು ಮೆಲ್ಲನೆ ಹೇಳಿದರು. ಕತ್ತಲಾಗುವವರೆಗೆ ಕೇಳಿದೆವು, ನೋಡಲಿಲ್ಲ.

ರಾತ್ರಿ ಕರೆಂಟು ಹೋಗಿತ್ತು. ಮೋಂಬತ್ತಿಯ ಬೆಳಕಿನಲ್ಲಿ ಅಕ್ಕಿರೊಟ್ಟಿ ತಿನ್ನುತ್ತಾ ಮಾತು ಮುಂದುವರಿಯಿತು. ಜಿಂಕೆಯ ಕುಲದ ಪೂರ್ವಜರಲ್ಲಿ 70 ವರ್ಣತಂತುಗಳಿದ್ದವೆಂದು ತಿಳಿಯಲಾಗಿದೆ. ನಮ್ಮ ಚುಕ್ಕೆ ಜಿಂಕೆಯಲ್ಲಿ ಇಂದಿಗೂ 66 ಇವೆ. ಚೀನಾದ ರೀವ್ಸ್ ಕಾಡುಕುರಿಯಲ್ಲಿ 46. ಹಾಗಿರುವಾಗ ಭಾರತದ ಕಾಡುಕುರಿಯಲ್ಲೂ ಅದರ ಆಸುಪಾಸಿನ ಸಂಖ್ಯೆಯೇ ಇರಬೇಕೆಂದು ಯಾರಾದರೂ ಊಹಿಸಬಹುದಿತ್ತು. 1970ರಲ್ಲಿ ಡೋರಿಸ್ ವರ್ಸ್ಟರ್ ಮತ್ತು ಕರ್ಟ್ ಬೆನಿರ್ಷ್ಕೆ ಅವರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಚಿತ್ರದಲ್ಲಿದ್ದದ್ದು ಆರು ದೊಡ್ಡ ವರ್ಣತಂತುಗಳು. ಹಾಗೆಂದು 64 ವರ್ಣತಂತುಗಳಷ್ಟು ಮಾಹಿತಿ ಕಳೆದುಹೋಗಿಲ್ಲ. ತುಂಡು ಹಗ್ಗಗಳನ್ನು ತುದಿಗೆ ತುದಿ ಗಂಟು ಹಾಕುತ್ತಾ ಹೋದರೆ ಹಗ್ಗದ ಎಣಿಕೆ ಇಳಿದು ಉದ್ದ ಉಳಿಯುವ ಹಾಗೆ, ಇಲ್ಲಿ ವರ್ಣತಂತುಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಎರಡೂ ಕಾಡುಕುರಿಗಳ ಡಿಎನ್‌ಎಯನ್ನು ಪೂರ್ತಿ ಓದಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೆಕ್ಕವನ್ನು ಸ್ಪಷ್ಟಪಡಿಸಿದೆ. ಪೂರ್ವಜರ 35 ಜೋಡಿಗಳಲ್ಲಿ ಆರು ಬೆಸುಗೆಗಳು ಎರಡೂ ಜಾತಿಗಳಿಗೆ ಸಮಾನ. ಚೀನಾದ ಕವಲಿನಲ್ಲಿ ಮತ್ತೆ ಆರು ನಡೆದು 23 ಜೋಡಿಗಳು ಉಳಿದವು. ನಮ್ಮ ಕವಲಿನಲ್ಲಿ ಮತ್ತೆ 26 ನಡೆದು ಮೂರು ಜೋಡಿಗಳು ಉಳಿದವು. ಮಲಯಾದ ಕಾಡುಕುರಿಯಲ್ಲಿ ಹೆಣ್ಣಿಗೆ 8, ಗಂಡಿಗೆ 9. ನೋಡಲು ಒಂದೇ ಬಗೆಯ, ಒಂದೇ ಬಗೆಯಲ್ಲಿ ಬೊಗಳುವ ಈ ಪ್ರಾಣಿಗಳ ಒಳಗಿನ ಏರ್ಪಾಡು ಇಷ್ಟು ಬೇರೆಯಾಗಿದೆ. ಚೀನಾದಲ್ಲಿ ಭಾರತದ ಕಾಡುಕುರಿಯನ್ನೂ ರೀವ್ಸ್ ಕಾಡುಕುರಿಯನ್ನೂ ಒಟ್ಟಿಗೆ ಸಾಕಿದಾಗ ಮರಿಗಳು ಹುಟ್ಟಿ ಬೆಳೆದವು. ಆದರೆ ಆ ಮರಿಗಳಿಗೆ ಮರಿಗಳಾಗಲಿಲ್ಲ. ಮೂರು ಉದ್ದನೆಯ ವರ್ಣತಂತುಗಳೂ 23 ಗಿಡ್ಡ ವರ್ಣತಂತುಗಳೂ ಮಿಯಾಸಿಸ್‌ನಲ್ಲಿ ಜೋಡಿಯಾಗಿ ನಿಂತು ಸರಿಯಾಗಿ ಬೇರ್ಪಡಲಾರವು.

ಭಾನುವಾರ, ಕಾಡಿನ ಅಂಚು ಮತ್ತು ಘಾಟಿ

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಹೊರಟಿದ್ದೆವು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನ ಮಧ್ಯದಲ್ಲೇ ಕಬ್ಬಿಣದ ಅದಿರಿನ ಗಣಿಯಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಅದು ನಿಂತಿತು. ಗಣಿ ನಿಲ್ಲಿಸಲು ಹೋರಾಡಿದವರಿಗೆ ಈ ಬೆಟ್ಟಗಳ ಪ್ರತಿ ಜೀವವೂ ಋಣಿ ಎಂದು ನಾನು ನಂಬಿದ್ದೇನೆ.

ರಸ್ತೆಯ ಒಂದು ತಿರುವಿನಲ್ಲಿ ಚಾಲಕರು ಬ್ರೇಕು ಹಾಕಿ ಕೈ ಎತ್ತಿದರು. ಎಡಗಡೆಯ ಪೊದೆಯಿಂದ ಕಾಡುಕುರಿ ಹೊರಬಂದು ರಸ್ತೆಯ ಅಂಚಿನಲ್ಲಿ ನಿಂತಿತ್ತು. ಮೇಕೆಯಷ್ಟೇ ಎತ್ತರ, ಮಳೆಯಲ್ಲಿ ನೆನೆದ ಕೆಂಗಂದು ಮೈ, ಬೆನ್ನು ಹಿಂದಕ್ಕೆ ಸ್ವಲ್ಪ ಎತ್ತರವಾಗಿ, ತಲೆ ತಗ್ಗಿತ್ತು. ಹಣೆಯಿಂದ ಮೂತಿಯ ಕಡೆಗೆ ಎರಡು ಕಪ್ಪು ಗೆರೆಗಳು ಇಳಿದು ಸೇರುವಂತೆ ಬಂದಿದ್ದವು. ಆ ಗೆರೆಗಳು ಬರಿಯ ಬಣ್ಣವಲ್ಲ; ಅದರಡಿಯಲ್ಲಿ ಮೂಳೆಯ ಏಣುಗಳಿವೆ, ಅವೇ ಮೇಲಕ್ಕೆ ಬೆಳೆದು ರೋಮ ಮುಚ್ಚಿದ ಉದ್ದನೆಯ ಬುಡಗಳಾಗಿ, ಅವುಗಳ ತುದಿಯಲ್ಲಿ ಮಾತ್ರ ಗಿಡ್ಡನೆಯ ಕೊಂಬುಗಳಿರುತ್ತವೆ. ಕಣ್ಣಿನ ಕೆಳಗಿನ ಗ್ರಂಥಿಯ ಸೀಳು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಒಂದು ಎಳೆಯ ಕುಡಿಯನ್ನು ನಾಲಗೆಯಿಂದ ಎಳೆದುಕೊಂಡು ಅಗಿಯಿತು, ಮುಂಗಾಲನ್ನು ಎತ್ತಿ ಇಟ್ಟಿತು, ನಮ್ಮ ಕಡೆ ನೋಡಿತು, ಬಾಲ ಮೇಲೆತ್ತಿ ಒಳಭಾಗದ ಬಿಳಿಯನ್ನು ತೋರಿಸಿ ಬಲಗಡೆಯ ಕಾಡಿಗೆ ಹಾರಿತು. ಬೊಗಳಲಿಲ್ಲ.

"ಕೊಂಬು ನೋಡಿದಿರಲ್ಲ, ಗಂಡು. ಹಾಗಾಗಿ ಆರಲ್ಲ, ಏಳು," ಎಂದರು ಮೇಷ್ಟ್ರು. ಈ ಜಾತಿಯಲ್ಲಿ ಲಿಂಗವನ್ನು ನಿರ್ಧರಿಸುವ ಎಕ್ಸ್ ವರ್ಣತಂತು ಕೂಡ ಸ್ವತಂತ್ರವಾಗಿ ಉಳಿದಿಲ್ಲ. ಮೂರನೆಯ ವರ್ಣತಂತುವಿಗೆ ಬೆಸೆದುಕೊಂಡಿದೆ. ಹೆಣ್ಣಿನಲ್ಲಿ ಅಂಥ ಬೆಸೆದ ವರ್ಣತಂತುಗಳು ಎರಡು ಇರುವುದರಿಂದ ಮೂರು ಜೋಡಿಗಳು ಸಮವಾಗಿ ನಿಲ್ಲುತ್ತವೆ. ಗಂಡಿನಲ್ಲಿ ಬೆಸೆದದ್ದು ಒಂದೇ. ಅದಕ್ಕೆ ಜೋಡಿಯಾಗಿ ಬೆಸೆಯದ ಮೂರನೆಯ ವರ್ಣತಂತು ಒಂದು, ಚಿಕ್ಕ ವೈ ವರ್ಣತಂತು ಇನ್ನೊಂದು. ಹೀಗೆ ಏಳು. ಕೆಲವೇ ಇದ್ದು, ಗಾತ್ರದಲ್ಲಿ ದೊಡ್ಡದಾಗಿ, ಒಂದರಿಂದೊಂದು ಸುಲಭವಾಗಿ ಗುರುತಿಸಬಹುದಾದ ಈ ವರ್ಣತಂತುಗಳಿಂದಾಗಿ, ಕೋಶ ಹೇಗೆ ಒಡೆದು ಎರಡಾಗುತ್ತದೆಂದು ತಿಳಿಯಲು ಹೊರಟ ಪ್ರಯೋಗಾಲಯಗಳಲ್ಲಿ ಕಾಡುಕುರಿಯ ಕೋಶಗಳನ್ನು ಬೆಳೆಸಿಕೊಳ್ಳುತ್ತಾರೆ.

ಘಾಟಿ ಇಳಿಯುವಾಗ ಜರೀಗಿಡ, ಕಾಡುಕುರಿ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದೆವು. ಕಾಡುಕುರಿಯ ಡಿಎನ್‌ಎ ಸುಮಾರು 250 ಕೋಟಿ ಅಕ್ಷರಗಳಷ್ಟು. ನಮ್ಮದು 310 ಕೋಟಿಯಷ್ಟು. ಮನುಷ್ಯನಲ್ಲಿ 46 ಭಾಗಗಳಾಗಿರುವ ಹೆಚ್ಚುಕಡಿಮೆ ಅಷ್ಟೇ ಸರಕು ಅದರಲ್ಲಿ ಆರು ಭಾಗಗಳಾಗಿದೆ. ಭಾಗಗಳ ಎಣಿಕೆ ಬೇರೆ, ಸರಕಿನ ಮೊತ್ತ ಬೇರೆ ಎಂಬುದನ್ನು ಜರೀಗಿಡಗಳೂ ಹೇಳುತ್ತವೆ: ತಿಳಿದಿರುವ ಜೀವಿಗಳಲ್ಲೇ ಅತಿ ದೊಡ್ಡ ಡಿಎನ್‌ಎ ಮೊತ್ತ, ಸುಮಾರು 16,000 ಕೋಟಿ ಅಕ್ಷರಗಳಷ್ಟು, ನ್ಯೂ ಕ್ಯಾಲಿಡೋನಿಯಾ ದ್ವೀಪದ ಮೆಸಿಪ್ಟೆರಿಸ್ ಎಂಬ ಜರೀಗಿಡದಲ್ಲಿದೆಯೆಂದು 2024ರಲ್ಲಿ ಪ್ರಕಟವಾಯಿತು. ಆದರೂ ವರ್ಣತಂತುಗಳ ಎಣಿಕೆಯಲ್ಲಿ ಅದು ನಮ್ಮ ಗಿರಿಯ ಗಿಡಕ್ಕೆ ಸಾಟಿಯಲ್ಲ.

ಕಾರ್ಕಳದ ಕಡೆಗೆ ಇಳಿಯುವ ಮೊದಲು ರಸ್ತೆ ಬದಿಯ ಹುಲ್ಲಿನಲ್ಲಿ ಮತ್ತೊಂದು ಓಫಿಯೋಗ್ಲಾಸಮ್ ಸಿಕ್ಕಿತು. ಕಡ್ಡಿಯ ಚೀಲಗಳೆಲ್ಲ ಒಡೆದು ಕಂದುಬಣ್ಣಕ್ಕೆ ತಿರುಗಿದ್ದವು. ಎಣಿಸಬೇಕಾದರೆ ಇದು ಹೊತ್ತು ಮೀರಿದ ಗಿಡ. ತಾಯಿಕೋಶಗಳ ವಿಭಜನೆ ನಡೆಯುವುದು ಕಡ್ಡಿ ಇನ್ನೂ ಎಳೆಯದಾಗಿ, ಎಲೆಯ ಮಟ್ಟವನ್ನೂ ದಾಟಿರದ ಕೆಲವೇ ದಿನಗಳಲ್ಲಿ. ಮುಂದಿನ ಸಲ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದು, ಕೋಶಗಳನ್ನು ಇದ್ದಂತೆಯೇ ಹಿಡಿದಿಡಲು ಮೂರು ಪಾಲು ಆಲ್ಕೋಹಾಲಿಗೆ ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ಸೀಸೆಗಳೊಂದಿಗೆ, ಮುಂಗಾರು ಹಿಡಿದ ವಾರದಲ್ಲೇ ಇಲ್ಲಿಗೆ ಬರಬೇಕೆಂದು ಮೇಷ್ಟ್ರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.